ಕಥೆ ಬರೆದರೆ ಸುಳ್ಳು ಹೇಳಿದಂತೆಯಾ?

ನೀವು ಕಲಬುರಗಿ ಉರುಸಿನ ಬಗ್ಗೆ ಒಂದು ಕಥೆ ಬರೆದಿದ್ದೀರಿ; ಕಥೆ ಬರೆಯೋದೇ ಹರಾಮ್, ಅಂದರೆ ಧರ್ಮದಲ್ಲಿ ನಿಷಿದ್ಧ, ಅಂತ ನಿಮ್ಮ ಚಾಚಾ ಅಂದಿದ್ದಾರೆ. ಅವರು ಹಾಗಂದದ್ದು ಬಹುಶಃ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ನೆನಪಿಟ್ಟುಕೊಂಡು. ಜನರನ್ನು ನಗಿಸಲು ಸುಳ್ಳು ಹೇಳುವವನಿಗೆ ಕೇಡು ಎಂದು ಅಬೂ ದಾವೂದ್, ತಿರ್ಮಿಝಿ ಎಂಬ ಹದೀಸ್ ಸಂಗ್ರಹಗಳಲ್ಲಿದೆ. ಕಟ್ಟುಕಥೆಯನ್ನೂ ಅದಕ್ಕೇ ಸೇರಿಸುವ ಉಲಮಾಗಳು, ಅಂದರೆ ಧರ್ಮ ಪಂಡಿತರು, ಇದ್ದಾರೆ. ಕಥೆ ಅಂತ ಓದುವವರಿಗೆ ಗೊತ್ತಿರುವಾಗ ಮೋಸ ಎಲ್ಲಿ ಬಂತು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ನಾನು ಧರ್ಮದ ತೀರ್ಪು ಹೇಳುವ ಮುಫ್ತಿ ಅಲ್ಲ.

ಮೊದಲು ಕಥೆ ತಿದ್ದಿ, ವಾದ ಆಮೇಲೆ. ಆ ಕಥೆಯಲ್ಲಿ ಕಲಬುರಗಿ ದರ್ಗಾದ ಸೂಫಿ ಸಂತ ಬಂದೇ ನವಾಜರ ಬಾಯಲ್ಲಿ ನೀವೇ ಕಟ್ಟಿದ ಮಾತು ಇಟ್ಟಿದ್ದೀರಲ್ಲ, ಅದನ್ನು ತೆಗೆಯಿರಿ. ಓದಿದವರು ನಿಜ ಅಂತ ನಾಲ್ಕು ಜನಕ್ಕೆ ಹೇಳಿಬಿಡುತ್ತಾರೆ. ಪ್ರವಾದಿಯವರ ಹೆಸರಲ್ಲಂತೂ ಒಂದು ಸಾಲೂ ಬೇಡ. ಅದಕ್ಕೆ ಬುಖಾರಿ, ಮುಸ್ಲಿಮ್ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಕಟುವಾದ ಎಚ್ಚರಿಕೆ ಇದೆ. ದರ್ಗಾ ಮುಂದೆ ಹೂವು ಮಾರುವ ಒಬ್ಬ ಮುದುಕನನ್ನು ತನ್ನಿ, ಅವನು ಏನು ಬೇಕಾದರೂ ಮಾತಾಡಲಿ. ಮೇಲೆ ‘ಕಾಲ್ಪನಿಕ’ ಅಂತ ಬರೆಯಿರಿ.

ಆಮೇಲೆ ಚಾಚಾಗೆ ಇರಾಕಿನ ಬಸ್ರಾದ ಅಲ್-ಹರೀರಿ ಬಗ್ಗೆ ಹೇಳಿ. 1122ರಲ್ಲಿ ತೀರಿಕೊಂಡ ಈ ಪಂಡಿತರ ‘ಮಕಾಮಾತ್’ ಎಂಬ ಅರಬ್ಬಿ ಪುಸ್ತಕ ಪೂರ್ತಿ ಒಬ್ಬ ಚಾಲಾಕಿ ಅಲೆಮಾರಿಯ ಕಟ್ಟುಕಥೆ. ಪ್ರಾಣಿಗಳು ಮಾತಾಡುವ ಕಥೆಗಳನ್ನು ಯಾರೂ ದೂರಲಿಲ್ಲವಲ್ಲ ಅಂತ ಮುನ್ನುಡಿಯಲ್ಲೇ ಕೇಳುತ್ತಾರೆ. ತಮಾಷೆ ಅಂದರೆ, ನಮ್ಮ ದೇಶದ ಎಷ್ಟೋ ಮದರಸಾಗಳಲ್ಲಿ ಅರಬ್ಬಿ ಕಲಿಸಲು ಇದೇ ಪುಸ್ತಕ ಓದಿಸುತ್ತಾರೆ.

ಆಗಲೂ ಚಾಚಾ ಒಪ್ಪದಿದ್ದರೆ ತಿದ್ದಿದ ಕಥೆಯನ್ನೇ ಮಸೀದಿಯ ಇಮಾಮರ ಹತ್ತಿರ ಒಯ್ಯಿರಿ. ‘ಕಥೆ ಹರಾಮಾ?’ ಅಂತ ಸುಮ್ನೆ ಕೇಳಬೇಡಿ. ‘ಇದರಲ್ಲಿ ಯಾವ ಸಾಲು ತಪ್ಪು?’ ಅಂತ ಕೇಳಿ.