ಸಾಕು ಕೀಟಗಳ ವೈರಸ್ ತಡೆಯಲು ಪ್ರೋಟೀನ್ ಅಧ್ಯಯನವೇಕೆ?

ವೈರಸ್ ಇದೆಯೋ ಇಲ್ಲವೋ ಎಂದು ಪಿಸಿಆರ್ ಪರೀಕ್ಷೆಯೇ (ವೈರಸ್‌ನ ಡಿಎನ್‌ಎಯನ್ನು ಪತ್ತೆ ಹಚ್ಚುವ ಪರೀಕ್ಷೆ) ಹೇಳುವಾಗ, ಪ್ರಯೋಗಾಲಯದಲ್ಲಿ ರಾಶಿ ರಾಶಿಯಾಗಿ ಸಾಕುವ ಕೀಟಗಳ ಪ್ರೋಟೀನ್‌ಗಳನ್ನು ಏಕೆ ಅಧ್ಯಯನ ಮಾಡಬೇಕು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆದರೆ ಕೀಟ ಸಾಕುವವರನ್ನು ಕಾಡುವ ಚಿಂತೆ ಇನ್ನೊಂದಿದೆ: ಇಷ್ಟು ದಿನ ತೆಪ್ಪಗಿದ್ದ ವೈರಸ್ ಈಗೇಕೆ ಕೆರಳಿತು, ಅದನ್ನು ಎಲ್ಲಿ ಕಟ್ಟಿಹಾಕುವುದು?

ಇದಕ್ಕೆ ನಾನು ಕೊಡುವ ಉದಾಹರಣೆ ಟ್ಸೆಟ್ಸೆ ನೊಣದ್ದು. ಆಫ್ರಿಕಾದಲ್ಲಿ ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ನಗಾನ ರೋಗವನ್ನೂ ಹರಡುವ ನೊಣ ಇದು. ಗಂಡು ನೊಣಗಳನ್ನು ಸಾಕಿ, ವಿಕಿರಣದಿಂದ ಅವುಗಳ ಸಂತಾನಶಕ್ತಿ ಕಳೆದು ಹೊರಗೆ ಬಿಡುವುದು ಇದರ ಹತೋಟಿಗೆ ಒಂದು ದಾರಿ. ಜಾಂಜಿಬಾರ್‌ನ ಉಂಗುಜಾ ದ್ವೀಪದಿಂದ 1990ರ ದಶಕದಲ್ಲಿ ಟ್ಸೆಟ್ಸೆಯನ್ನು ನಿರ್ಮೂಲ ಮಾಡಿದ್ದರಲ್ಲಿ ಈ ವಿಧಾನದ ಪಾಲು ದೊಡ್ಡದು. ಆದರೆ ಗ್ಲೊಸೈನಾ ಪ್ಯಾಲಿಡೈಪಿಸ್ ಎಂಬ ಜಾತಿಯನ್ನು ಸಾಕುವಾಗ ಜೊಲ್ಲುಗ್ರಂಥಿಯನ್ನು ಊದಿಸುವ ವೈರಸ್ ಅಡ್ಡ ಬಂತು. ಆಸ್ಟ್ರಿಯಾದ ಸೈಬರ್ಸ್‌ಡಾರ್ಫ್‌ನಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪ್ರಯೋಗಾಲಯದಲ್ಲಿ, ಇಥಿಯೋಪಿಯಾ ಮೂಲದ ನೊಣಗಳ ಸಂತತಿ ಹೀಗೆಯೇ ಕುಸಿದುಹೋಯಿತು.

ಸೋಂಕು ಉಲ್ಬಣಿಸಿದ ನೊಣವನ್ನು ಸೀಳಿ ನೋಡಿದರೆ, ದಾರದಂತೆ ಸಣ್ಣಗಿರಬೇಕಾದ ಜೊಲ್ಲುಗ್ರಂಥಿ ಹಲವು ಪಟ್ಟು ದಪ್ಪವಾಗಿ, ಸುಣ್ಣದ ಬಿಳುಪಿಗೆ ತಿರುಗಿರುತ್ತದೆ. ಹೊರಗಿನಿಂದ ಏನೂ ಕಾಣದು. ಟ್ಸೆಟ್ಸೆ ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ವೈರಸ್‌ನಿಂದ ಸಂತಾನಶಕ್ತಿ ಸ್ವಲ್ಪ ಕುಗ್ಗಿದರೂ ಸಾಕಣೆ ನೆಲಕಚ್ಚುತ್ತದೆ. ಬಹುಪಾಲು ನೊಣಗಳು ಲಕ್ಷಣವಿಲ್ಲದೆಯೇ ವೈರಸ್ ಹೊತ್ತಿರುತ್ತವೆ; ಆದ್ದರಿಂದ ‘ಇದೆ’ ಎಂಬ ಪಿಸಿಆರ್ ಫಲಿತಾಂಶದಿಂದ ಮುಂದಿನ ದಾರಿ ತಿಳಿಯುವುದಿಲ್ಲ.

ಪ್ರೋಟೀನ್ ಅಧ್ಯಯನ ನೆರವಾಗುವುದು ಇಲ್ಲಿ. ಈ ವೈರಸ್‌ನ ಜೀನೋಮ್‌ನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ಸುಮಾರು 160 ಪ್ರೋಟೀನ್‌ಗಳಿಗೆ ಸಂಕೇತಗಳಿವೆ. ಶುದ್ಧೀಕರಿಸಿದ ವೈರಸ್ ಕಣಗಳನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಗೆ (ತೂಕದಿಂದ ಪ್ರೋಟೀನ್ ಗುರುತಿಸುವ ವಿಧಾನಕ್ಕೆ) ಒಡ್ಡಿದಾಗ ಆ 160ರಲ್ಲಿ 61 ಪ್ರೋಟೀನ್‌ಗಳು ಕಣದಲ್ಲೇ ಸಿಕ್ಕವು. ಹೊರಪೊರೆಯಲ್ಲಿರುವುದು ಯಾವುದೆಂದು ಗೊತ್ತಾದರೆ, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು ನೊಣ ಕುಡಿಯುವ ರಕ್ತದಲ್ಲೇ ಬೆರೆಸಿ ಪ್ರಯೋಗಿಸಬಹುದು. ಆರ್‌ಎನ್‌ಎ ಹಸ್ತಕ್ಷೇಪದಿಂದ (ಆರ್‌ಎನ್‌ಎ ತುಣುಕು ಬಳಸಿ ಜೀನಿನ ಕೆಲಸ ತಡೆಯುವ ವಿಧಾನದಿಂದ) ಯಾವ ಜೀನನ್ನು ಅಡಗಿಸಬೇಕೆಂಬುದಕ್ಕೂ ಆಧಾರ ಸಿಗುತ್ತದೆ. ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುವುದು ಹೋಲಿಕೆ: ಇದೇ ವೈರಸ್ ತಗುಲಿದರೂ ಬೇರೆ ಟ್ಸೆಟ್ಸೆ ಜಾತಿಗಳಲ್ಲಿ ಗ್ರಂಥಿ ಊದುವುದು ಅಪರೂಪ. ಗ್ರಂಥಿ ಊದುವ ಜಾತಿ, ಊದದ ಜಾತಿ ಎರಡರ ಗ್ರಂಥಿಗಳ ಪ್ರೋಟೀನ್‌ಗಳನ್ನು ಅಕ್ಕಪಕ್ಕ ಇಟ್ಟರೆ ರಕ್ಷಣೆ ಎಲ್ಲಿ ಸಡಿಲಾಯಿತೆಂಬ ಸುಳಿವು ಸಿಗುತ್ತದೆ.

ಆದರೂ ಒಂದು ಮಾತು. ಸೈಬರ್ಸ್‌ಡಾರ್ಫ್‌ನಲ್ಲಿ ವೈರಸ್ ಹತೋಟಿಗೆ ಕೈಹಿಡಿದದ್ದು ನೊಣಗಳ ಊಟದ ಕ್ರಮದ ಬದಲಾವಣೆ. ಬೆಚ್ಚಗಿನ ರಕ್ತದ ಮೇಲೆ ಸಿಲಿಕೋನ್ ಪೊರೆ ಹಾಸಿ, ಒಂದಾದ ಮೇಲೊಂದು ಪಂಜರದ ನೊಣಗಳಿಗೆ ಅದೇ ರಕ್ತ ಕುಡಿಸುತ್ತಿದ್ದರು. ಜೊಲ್ಲಿನ ಮೂಲಕ ವೈರಸ್ ಮುಂದಿನ ಪಂಜರಕ್ಕೆ ದಾಟುತ್ತಿತ್ತು. ಪ್ರತಿ ಪಂಜರಕ್ಕೂ ಹೊಸ ರಕ್ತ ಕೊಟ್ಟಾಗ ಗ್ರಂಥಿ ಊದುವುದು ಇಳಿಯಿತು. ವೈರಸ್‌ನ ಡಿಎನ್‌ಎ ನಕಲಿಸುವ ಡಿಎನ್‌ಎ ಪಾಲಿಮರೇಸ್ ಕಿಣ್ವವನ್ನು ತಡೆಯುವ ವ್ಯಾಲಾಸೈಕ್ಲೋವಿರ್ ಔಷಧವೂ ನೆರವಾಯಿತು.

ನೀವು ಪ್ರೋಟೀನ್ ಕೆಲಸಕ್ಕೆ ಇಳಿಯುವುದಾದರೆ ಊದಿದ ಗ್ರಂಥಿಗಳನ್ನಷ್ಟೇ ನೆಚ್ಚಿಕೊಳ್ಳಬೇಡಿ. ಅಲ್ಲಿ ವೈರಸ್‌ನ ಪ್ರೋಟೀನ್‌ಗಳೇ ತುಂಬಿಕೊಂಡು ನೊಣದ ವಿರಳ ಪ್ರೋಟೀನ್‌ಗಳನ್ನು ಮರೆಮಾಡುತ್ತವೆ. ಕಾಣುವ ಬದಲಾವಣೆ ರೋಗದ ಕಾರಣವೋ ಪರಿಣಾಮವೋ ಎಂದು ಬಿಡಿಸುವುದೂ ಕಷ್ಟ. ಒಂದೇ ವಯಸ್ಸಿನ, ಸೋಂಕಿದ್ದೂ ಗ್ರಂಥಿ ಊದದ ನೊಣಗಳನ್ನು ಕಡ್ಡಾಯವಾಗಿ ಜೊತೆಗಿಟ್ಟುಕೊಳ್ಳಿ.