ಟೆಂಟ್ ಯಾವುದಾದರೂ ಇರಲಿ, ಮೊದಲು ಮೈ ಕೆಳಗೆ ಏನು ಹಾಸುತ್ತೀರಿ ನೋಡಿ

ಡಿಸೆಂಬರ್ ಕೊನೆಗೆ ಜೈಸಲ್ಮೇರ್, ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ರೆಸಾರ್ಟ್ ಬೇಡ, ಸ್ವಂತ ಟೆಂಟ್. ಡೆಸರ್ಟ್ ನ್ಯಾಷನಲ್ ಪಾರ್ಕ್ ಪಕ್ಕ ಮರಳಲ್ಲಿ ಮಲಗಲು ಯಾವ ಟೆಂಟ್ ಕೊಳ್ಳಲಿ, ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ. ಬೆಂಗಳೂರಿನಿಂದ ಇದೇ ಆಸೆ ಹೊತ್ತು ಅಪ್ಪನನ್ನು ಕರೆದುಕೊಂಡು ಹೋದವನು ನಾನು. ಟೆಂಟ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನಮ್ಮ ಟೆಂಟ್‌ಗೆ ಏನೂ ಆಗಲಿಲ್ಲ. ಆದರೂ ಪ್ರವಾಸ ಹಾಳಾಯಿತು.

ನಮ್ಮಪ್ಪ ಸಿರುಗುಪ್ಪದ ಕಡೆಯವರು. ಅವರು ಹುಡುಗರಾಗಿದ್ದಾಗ ಎರೆಹೊಲಗಳಲ್ಲಿ ಎರೆಭೂತ ಹಕ್ಕಿ ಓಡಾಡುತ್ತಿತ್ತಂತೆ. ಎತ್ತರದ ಕಾಲು, ಉದ್ದ ಬಿಳಿ ಕತ್ತು, ತಲೆ ಮೇಲೆ ಟೋಪಿ ಇಟ್ಟ ಹಾಗೆ ಕಪ್ಪು. ಈಗ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದರೆ ಹೆಚ್ಚು. ದೇಶದಲ್ಲೆಲ್ಲ ಸೇರಿದರೂ ಕಾಡಲ್ಲಿರುವುದು 150ಕ್ಕಿಂತ ಕಡಿಮೆ. ಅದರಲ್ಲಿ ಮುಕ್ಕಾಲು ಪಾಲು ಇರುವುದು ಜೈಸಲ್ಮೇರ್ ಜಿಲ್ಲೆಯಲ್ಲೇ. ಅಲ್ಲಿನವರು ಗೋಡಾವಣ ಅನ್ನುತ್ತಾರೆ, ರಾಜಸ್ಥಾನದ ರಾಜ್ಯಪಕ್ಷಿ ಅದು. ರಿಟೈರ್ ಆದಮೇಲೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ, ಇನ್ನೊಮ್ಮೆ ಆ ಹಕ್ಕಿ ನೋಡಬೇಕು ಅಂತ.

ಜೋಧಪುರದವರೆಗೆ ರೈಲು, ಅಲ್ಲಿಂದ ಜೈಸಲ್ಮೇರ್. ಕೋಟೆ ನೋಡಿಕೊಂಡು, ಪಾರ್ಕಿನ ಕಚೇರಿಯಲ್ಲಿ ಸುದಾಸರಿಗೆ ಮರುದಿನ ಬೆಳಗಿನ ಪರ್ಮಿಟ್ ಮಾಡಿಸಿಕೊಂಡೆವು. ಸುದಾಸರಿ ಅಂದರೆ ಗೋಡಾವಣಕ್ಕಾಗಿ ಬೇಲಿ ಹಾಕಿ ಕಾಪಾಡಿರುವ ಹುಲ್ಲುಗಾವಲು. ರಾತ್ರಿ ಖೂರಿ ಹಳ್ಳಿಯಲ್ಲಿ ಒಂಟೆ ಸಾಕಿದವರೊಬ್ಬರ ಮನೆ ಹತ್ತಿರ ಟೆಂಟ್ ಹಾಕಿದೆವು. ಮನೆಯಾತ ಸಂಜೆ ಎರಡು ದಪ್ಪ ರಲ್ಲಿ ತಂದು ಇಟ್ಟರು. ಹಳೇ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿದಿರುತ್ತಾರೆ, ನಮ್ಮ ಕಡೆ ಕೌದಿ ಇದ್ದ ಹಾಗೆ. ಕೆಳಗೆ ಹಾಸಿಕೊಳ್ಳಿ ಅಂದರು. ಬೇಡ, ನಮ್ಮ ಹತ್ತಿರ ಎಲ್ಲ ಇದೆ ಅಂದೆ. ಇದ್ದದ್ದೂ ನಿಜ. ಬೆಂಗಳೂರಿನಲ್ಲಿ ಬಾಡಿಗೆಗೆ ತಂದ ‘ಸೊನ್ನೆ ಡಿಗ್ರಿ’ ಸ್ಲೀಪಿಂಗ್ ಬ್ಯಾಗ್ ಎರಡು. ಅಪ್ಪನ ಸೊಂಟಕ್ಕೆ ಮೆತ್ತಗಿರಲಿ ಅಂತ ಗೇಣುದ್ದ ದಪ್ಪದ ಗಾಳಿ ಹಾಸಿಗೆ. ಬೆಂಗಳೂರಿನ ಹತ್ತಿರದ ಮಾಕಳಿದುರ್ಗ ಬೆಟ್ಟದಲ್ಲಿ ಅದೇ ಹಾಸಿಗೆ ಮೇಲೆ ಚೆನ್ನಾಗಿ ನಿದ್ದೆ ಮಾಡಿದ್ದೆ.

ಒಂಬತ್ತು ಗಂಟೆಗೆ ಮಲಗಿದೆವು. ನಡುರಾತ್ರಿ ದಾಟಿದ ಮೇಲೆ ಎಚ್ಚರ ಆಯಿತು. ಎದೆ, ಹೊಟ್ಟೆ ಬೆಚ್ಚಗಿದ್ದವು. ಸೊಂಟ, ಭುಜ, ಹಿಮ್ಮಡಿ ಮಾತ್ರ ಕೊರೆಯುತ್ತಿದ್ದವು. ಕೈ ಕೆಳಗಿಟ್ಟು ಮುಟ್ಟಿದರೆ ಹಾಸಿಗೆ ತಣ್ಣೀರು ತುಂಬಿದ ಚೀಲದ ಹಾಗಿತ್ತು. ಮಗ್ಗುಲು ಬದಲಿಸಿದರೆ ಆ ಮಗ್ಗುಲಿಗೂ ಅದೇ. ಅಪ್ಪ ಆಗಲೇ ಎದ್ದು ಕೂತಿದ್ದರು. ‘ನೆಲ ಕಡೀತೈತಲ್ಲೋ’ ಅಂದರು. ಇದ್ದ ಬಟ್ಟೆಯನ್ನೆಲ್ಲ, ಖಾಲಿ ರಕ್‌ಸ್ಯಾಕ್, ಪೇಪರ್, ಟವೆಲ್ ಸಮೇತ ಅವರ ಕೆಳಗೆ ತುರುಕಿದೆ. ಜನವರಿಯಲ್ಲಿ ಅಲ್ಲಿ ಸೂರ್ಯ ಏಳುವುದು ಏಳೂವರೆ ಹತ್ತಿರ, ಬೆಂಗಳೂರಿಗಿಂತ ಮುಕ್ಕಾಲು ಗಂಟೆ ತಡ. ಆ ರಾತ್ರಿ ಮುಗಿಯುವಂತೆಯೇ ಕಾಣಲಿಲ್ಲ. ಬೆಳಗಾಗುವಷ್ಟರಲ್ಲಿ ಅಪ್ಪನ ಬೆನ್ನು ಹಿಡಿದುಕೊಂಡು ಬಗ್ಗಲು ಆಗುತ್ತಿರಲಿಲ್ಲ, ಮೈ ಸುಡುತ್ತಿತ್ತು. ಸುದಾಸರಿಗೆ ಹೋಗಬೇಕಿದ್ದ ಜೀಪಿನಲ್ಲಿ ಜೈಸಲ್ಮೇರ್ ಡಾಕ್ಟರ ಹತ್ತಿರ ಹೋದೆವು. ಪರ್ಮಿಟ್ ಜೇಬಿನಲ್ಲೇ ಉಳಿಯಿತು.

ಈಗ ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆದರೂ ಓದಿ. ನಿಮಗೆ ಇದಿಷ್ಟು ಗೊತ್ತಾದರೆ ಸಾಕು.

ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ. ಅದರೊಳಗಿನ ಸಿಂಥೆಟಿಕ್ ನಾರೋ ಪುಕ್ಕವೋ ಉಬ್ಬಿ ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಅಲುಗಾಡದ ಆ ಗಾಳಿ ನಮ್ಮ ಮೈ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ನಾವು ಮಲಗಿದಾಗ ಬೆನ್ನ ಕೆಳಗಿನ ಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ. ಅಲ್ಲಿ ಗಾಳಿ ಉಳಿಯುವುದಿಲ್ಲ. ಅಂದರೆ ಎಷ್ಟೇ ದುಬಾರಿ ಬ್ಯಾಗ್ ಇರಲಿ, ಕೆಳಗಡೆ ಅದು ಬರೀ ಎರಡು ಪದರ ಬಟ್ಟೆ. ಕೆಳಗಿನ ಚಳಿ ತಡೆಯುವುದು ಚಾಪೆಯ ಕೆಲಸ.

ಗಾಳಿ ಹಾಸಿಗೆ ಆ ಕೆಲಸ ಮಾಡುವುದಿಲ್ಲ. ದಪ್ಪ ನೋಡಿ ಮೋಸ ಹೋಗಬೇಡಿ. ಒಳಗಿರುವುದು ಒಂದೇ ದೊಡ್ಡ ಗಾಳಿ ಚೀಲ. ನಾವು ಹೊರಳಿದಾಗಲೆಲ್ಲ ಆ ಗಾಳಿಯೂ ಹೊರಳುತ್ತದೆ. ಮೇಲೆ ಮೈಯಿಂದ ಬಿಸಿ ತೆಗೆದುಕೊಂಡು ಕೆಳಗೆ ಮರಳಿಗೆ ಕೊಡುತ್ತಾ ಇರುತ್ತದೆ. ಗೇಣುದ್ದ ದಪ್ಪ ಇದ್ದರೂ ಅಷ್ಟೇ. ಅದಕ್ಕಿಂತ ಬೆರಳು ದಪ್ಪದ ಗಟ್ಟಿ ಫೋಮ್ ಚಾಪೆ ಎಷ್ಟೋ ಮೇಲು, ಯಾಕಂದರೆ ಫೋಮಿನಲ್ಲಿ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಓಡಾಡಲಾರದು. ಚಾಪೆ ಕೊಳ್ಳುವಾಗ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಬರೆದಿರುತ್ತಾರೆ. ಅದು ಜಾಸ್ತಿ ಇದ್ದಷ್ಟೂ ಚಳಿ ಕಡಿಮೆ. ಮಾಮೂಲಿ ಗಾಳಿ ಹಾಸಿಗೆಗೆ 1ರ ಆಸುಪಾಸು, ಒಳ್ಳೆ ಫೋಮ್ ಚಾಪೆಗೆ 2ರ ಹತ್ತಿರ. ಒಂದರ ಮೇಲೊಂದು ಎರಡು ಚಾಪೆ ಹಾಕಿದರೆ ಅಂಕಿಗಳನ್ನು ಕೂಡಿಸಬಹುದು. ಜೈಸಲ್ಮೇರಿನ ಚಳಿಗಾಲಕ್ಕೆ 4 ಇದ್ದರೆ ವಯಸ್ಸಾದವರೂ ನೆಮ್ಮದಿಯಾಗಿ ಮಲಗಬಹುದು.

ಇನ್ನು ಆ ‘ಸೊನ್ನೆ ಡಿಗ್ರಿ’. ಸರಿಯಾಗಿ ಪರೀಕ್ಷೆ ಮಾಡಿದ ಬ್ಯಾಗ್‌ಗಳ ಮೇಲೆ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಕೊನೆಯದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಲೆಕ್ಕವಲ್ಲ. ನಾವು ತಂದಿದ್ದ ಬ್ಯಾಗಿನಲ್ಲಿ ದೊಡ್ಡದಾಗಿ ಬರೆದ ಸೊನ್ನೆ ಆ ಎಕ್ಸ್‌ಟ್ರೀಮ್ ಅಂಕಿ. ಕಂಫರ್ಟ್ ಅನ್ನುವುದು ಒಳಗಿನ ಪಟ್ಟಿಯಲ್ಲಿ ಚಿಕ್ಕ ಅಕ್ಷರದಲ್ಲಿತ್ತು, ಬೆಂಗಳೂರಿನ ಡಿಸೆಂಬರ್‌ಗೆ ಸರಿಹೋಗುವಷ್ಟು. ಇನ್ನೊಂದು ವಿಷಯ, ಆ ಪರೀಕ್ಷೆಯಲ್ಲಿ ಬ್ಯಾಗಿನ ಕೆಳಗೆ ಒಳ್ಳೆ ಚಾಪೆ ಹಾಸಿಯೇ ಅಳೆಯುತ್ತಾರೆ. ಚಾಪೆ ಇಲ್ಲದೆ ಆ ಮೂರು ಅಂಕಿಗೂ ಬೆಲೆ ಇಲ್ಲ.

ಮರುಭೂಮಿ ಅಂದರೆ ಸೆಕೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಅಲ್ಲಿ ಜನವರಿ ಮಧ್ಯಾಹ್ನ 24 ಡಿಗ್ರಿ ಆಸುಪಾಸು ಇರುತ್ತದೆ, ಟೀ ಶರ್ಟ್ ಸಾಕು. ರಾತ್ರಿ 8ರ ಆಸುಪಾಸಿಗೆ, ಕೆಲವು ದಿನ 5ಕ್ಕೂ ಕೆಳಗೆ ಇಳಿಯುತ್ತದೆ. ಬಿಸಿ ಹಿಡಿದಿಡಲು ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ. ಒಣ ಮರಳು ಬಿಸಿಲನ್ನು ಮೇಲುಮೇಲೆ ಮಾತ್ರ ಹಿಡಿದುಕೊಂಡಿರುತ್ತದೆ, ಹೊತ್ತು ಮುಳುಗುತ್ತಿದ್ದಂತೆ ಬಿಟ್ಟುಬಿಡುತ್ತದೆ. ತಣ್ಣನೆ ಗಾಳಿ ಇಳಿದು ದಿಬ್ಬಗಳ ನಡುವಿನ ತಗ್ಗಿನಲ್ಲಿ ಕೂರುತ್ತದೆ. ಬೆಂಗಳೂರಿನಲ್ಲಿ ಇಷ್ಟು ವರ್ಷಗಳಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಅಲ್ಲಿ ಚಳಿ ಜಾಸ್ತಿ ಇರುವ ರಾತ್ರಿಗಳಂಥದ್ದನ್ನು ನಮ್ಮೂರು ನೋಡಿಯೇ ಇಲ್ಲ. ಸಾವನದುರ್ಗ, ಮಾಕಳಿದುರ್ಗದ ಅನುಭವ ಇದೆ ಅಂತ ಧೈರ್ಯ ಮಾಡಬೇಡಿ.

ಅಪ್ಪ ಎರಡು ದಿನಕ್ಕೆ ಸುಧಾರಿಸಿಕೊಂಡರು. ಆದರೆ ರೈಲಿನ ಟಿಕೆಟ್ ಹತ್ತಿರ ಬಂದಿತ್ತು. ಆಮೇಲೆ ಅವರಿಗೆ ಮಂಡಿ ಆಪರೇಷನ್ ಆಯಿತು, ಅಷ್ಟು ದೂರ ಮತ್ತೆ ಕರೆದುಕೊಂಡು ಹೋಗಲು ಆಗಲಿಲ್ಲ. ಮುಂದೆ ತಮ್ಮನ ಜೊತೆ ನಾನೇ ಹೋಗಿಬಂದೆ. ಅದೇ ಮನೆಯ ಅಂಗಳ, ಕೆಳಗೆ ಎರಡು ಫೋಮ್ ಚಾಪೆ, ಅದರ ಮೇಲೆ ಆ ಮನೆಯವರ ರಲ್ಲಿ. ಬೆಳಗಿನವರೆಗೆ ಮಗ್ಗುಲು ಬದಲಿಸಿದ್ದೂ ಗೊತ್ತಾಗಲಿಲ್ಲ. ಸುದಾಸರಿಯಲ್ಲಿ ಸೇವಣ ಹುಲ್ಲಿನ ನಡುವೆ ಒಂದು ಗೋಡಾವಣ ಕಂಡಿತು. ಗಂಡು ಹಕ್ಕಿ 15 ಕೆಜಿವರೆಗೂ ತೂಗುತ್ತದೆ, ಆದರೂ ನಡೆಯುವಾಗ ಅವಸರವೇ ಇಲ್ಲ. ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಕತ್ತು ಎತ್ತಿ ಸುತ್ತ ನೋಡುತ್ತದೆ, ಆಮೇಲೆ ಇನ್ನೊಂದು ಹೆಜ್ಜೆ. ದೂರದಿಂದ ತೆಗೆದ ವಿಡಿಯೋ ಅಪ್ಪನಿಗೆ ಕಳಿಸಿದೆ. ‘ಹಂಗೇ ಐತಿ, ಅದೇ ನಡಿಗೆ’ ಅಂದರು. ಅವರೇ ಅಲ್ಲಿ ನಿಂತು ನೋಡಬೇಕಿತ್ತು. ಈ ನೋವು ನನಗೆ ಇವತ್ತಿಗೂ ಹೋಗಿಲ್ಲ. ನಿಮ್ಮ ಜೊತೆ ಅಪ್ಪ ಅಮ್ಮ ಬರುತ್ತಾರೆ ಅಂತ ಓದಿದ್ದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಲ್ಲಿ ಹಾಕಲಿ ಅನ್ನುವುದಕ್ಕೆ ಬರುತ್ತೇನೆ. ಮರಳ ದಿಬ್ಬದ ಮೇಲೆ, ಯಾರೂ ಇಲ್ಲದ ಕಡೆ ಅನ್ನುವ ಆಸೆಯನ್ನು ಬಿಟ್ಟುಬಿಡಿ. ಆ ಪಾರ್ಕು 3,162 ಚದರ ಕಿಲೋಮೀಟರ್ ಇದೆ, ಜೈಸಲ್ಮೇರ್ ಮತ್ತು ಬಾಡಮೇರ್ ಎರಡೂ ಜಿಲ್ಲೆಗೆ ಹರಡಿದೆ. ಹೆಸರಲ್ಲಿ ನ್ಯಾಷನಲ್ ಪಾರ್ಕ್ ಅಂತಿದ್ದರೂ 1980ರಲ್ಲಿ ಅದನ್ನು ವನ್ಯಧಾಮವಾಗಿ ಘೋಷಿಸಿದ್ದು. ಒಳಗೆ ಹಳ್ಳಿಗಳಿವೆ, ಕುರಿ ಮೇಯಿಸುವವರಿದ್ದಾರೆ. ಹಾಗಂತ ಹೊರಗಿನವರು ಕಂಡಲ್ಲಿ ಗೂಟ ಹೊಡೆಯುವಂತಿಲ್ಲ. ಗೋಡಾವಣ ಗೂಡು ಕಟ್ಟುವುದಿಲ್ಲ, ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಜನ ಓಡಾಡಿದರೆ ಆ ಜಾಗವನ್ನೇ ಬಿಟ್ಟುಹೋಗುತ್ತದೆ. ವಿದ್ಯುತ್ ತಂತಿಗೆ ಬಡಿದು ಸಾಯುತ್ತಿರುವುದು ಸಾಲದೆ ನಮ್ಮ ಕಾಟವೂ ಸೇರಬಾರದು, ಅಲ್ವಾ? ಅಲ್ಲದೆ ಅದು ಗಡಿ ಜಿಲ್ಲೆ. ರಾತ್ರಿ ಎಲ್ಲೋ ಬಯಲಲ್ಲಿ ಟಾರ್ಚ್ ಹಾಕಿಕೊಂಡು ಅಪರಿಚಿತರು ಕೂತಿದ್ದರೆ ವಿಚಾರಣೆ ಆಗೇ ಆಗುತ್ತದೆ.

ಸಮ್ ಅನ್ನುವ ಊರಿನ ದಿಬ್ಬಗಳ ಕಡೆ ಬೇಡ. ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್, ಎಲ್ಲರೂ ಅಲ್ಲಿಗೇ ಕಳಿಸುತ್ತಾರೆ. ಸೀಸನ್‌ನಲ್ಲಿ ಸಾಲು ಸಾಲು ಕ್ಯಾಂಪ್, ಜೋರು ಹಾಡು, ದಿಬ್ಬದ ಮೇಲೆ ಜೀಪುಗಳ ಓಟ. ಹೊಸ ವರ್ಷದ ವಾರದಲ್ಲಂತೂ ಕೇಳಲೇಬೇಡಿ. ಖೂರಿ ಸಣ್ಣ ಊರು. ಅಲ್ಲಿ ಯಾರದಾದರೂ ಮನೆಯಲ್ಲಿ ಊಟಕ್ಕೆ ಮಾತಾಡಿಕೊಂಡು, ಅವರ ಅಂಗಳದಲ್ಲೇ ಟೆಂಟ್ ಹಾಕಿ. ಹತ್ತಿರದಲ್ಲಿ ಕಕ್ಕಸು ಇರುತ್ತದೆ, ನೀರು ಸಿಗುತ್ತದೆ, ರಾತ್ರಿ ಅಮ್ಮನಿಗೆ ಏನಾದರೂ ಆದರೆ ಕೂಗಿದರೆ ಜನ ಬರುತ್ತಾರೆ. ಆಕಾಶ ಅಂಗಳದಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮತ್ತೆ ಮರಳೇ ಮರಳು ಅಂತ ಅಂದುಕೊಂಡು ಹೋಗಬೇಡಿ. ಪಾರ್ಕಿನಲ್ಲಿ ದಿಬ್ಬಗಳು ಇರುವುದು ಐದರಲ್ಲೊಂದು ಭಾಗ ಮಾತ್ರ. ಉಳಿದದ್ದು ಹುಲ್ಲು, ಕಲ್ಲುನೆಲ, ಖೇಜಡಿ ಮರ. ನನಗೆ ಆ ಹುಲ್ಲೇ ಜಾಸ್ತಿ ಇಷ್ಟ. ಚಿಂಕಾರ, ನರಿ, ರಣಹದ್ದು ಎಲ್ಲ ಕಾಣುವುದು ಅಲ್ಲೇ.

ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಚಳಿ ಅಂತ ಟೆಂಟ್ ಒಳಗೆ ಇದ್ದಿಲ ಕೆಂಡ ಮಾತ್ರ ಇಡಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಮಲಗಿದವರು ಏಳುವುದಿಲ್ಲ. ಬೇಕಿದ್ದರೆ ಬಿಸಿನೀರನ್ನು ಸ್ಟೀಲ್ ಬಾಟಲಿಗೆ ತುಂಬಿ, ಕಾಲುಚೀಲ ಸುತ್ತಿ ಬ್ಯಾಗಿನೊಳಗೆ ಇಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ, ಅಡುಗೆ ಆಸೆ ಬಿಡಿ.

ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆ ತಾರಸಿಯ ಬರೀ ಸಿಮೆಂಟ್ ನೆಲದ ಮೇಲೆ ಅದೇ ಚಾಪೆ, ಅದೇ ಬ್ಯಾಗ್ ಹಾಕಿ ಒಂದು ರಾತ್ರಿ ಪೂರ್ತಿ ಮಲಗಿ. ಬೆಂಗಳೂರಿನ 15 ಡಿಗ್ರಿಯಲ್ಲೇ ಸೊಂಟ ತಣ್ಣಗಾದರೆ ಅಪ್ಪ ಅಮ್ಮನನ್ನು ಅದರ ಮೇಲೆ ಖೂರಿಯಲ್ಲಿ ಮಲಗಿಸಲೇಬೇಡಿ.

ಟೆಂಟ್ ಕೇಳಿದಿರಲ್ಲ. ಅವರಿಬ್ಬರಿಗೆ ಬಗ್ಗದೆ ಒಳಗೆ ಹೋಗುವಷ್ಟು ಎತ್ತರದ್ದು, ಎರಡು ಕಡೆ ಬಾಗಿಲು ಇರುವುದು, ಯಾವ ಕಂಪನಿಯದಾದರೂ ನಡೆಯುತ್ತದೆ. ಬಾಡಿಗೆಗೆ ತಂದರೂ ಸಾಕು. ಜೊತೆಗೆ ಬರುವ ತೆಳು ಗೂಟಗಳು ಮರಳಲ್ಲಿ ನಿಲ್ಲುವುದಿಲ್ಲ. ಗಟ್ಟಿ ಬಟ್ಟೆ ಚೀಲ ನಾಲ್ಕಾರು ಒಯ್ಯಿರಿ. ಅದಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತು ಮೇಲೆ ತುಳಿಯಿರಿ, ಎಳೆದರೂ ಕದಲುವುದಿಲ್ಲ. ಮಿಕ್ಕ ದುಡ್ಡಲ್ಲಿ ಇಬ್ಬರಿಗೂ ಎರಡೆರಡು ಚಾಪೆ ಕೊಳ್ಳಿ. ಸುದಾಸರಿ ಪರ್ಮಿಟ್ ಮೊದಲ ರಾತ್ರಿಯ ಮರುದಿನಕ್ಕೇ ಇಟ್ಟುಕೊಳ್ಳಬೇಡಿ, ಒಂದು ದಿನ ಬಿಟ್ಟು ಮಾಡಿಸಿ.