ಪ್ರತಿಕ್ರಿಯೆ: ಕ್ವಾಲಿಟಿ ಬಿಡೋಕಾಗಲ್ಲ, ಮೈಯೂ ತಡೀತಿಲ್ಲ
ಪುಣೆಯ ಹಿಂಜೆವಾಡಿ ಕೆಲಸದಲ್ಲಿ ಪ್ರತಿ ರಿಪೋರ್ಟನ್ನೂ ರಾತ್ರಿ ಎರಡರ ತನಕ ತಿದ್ತೀನಿ, ಸ್ವಲ್ಪ ಸಡಿಲ ಬಿಟ್ರೆ ಕ್ವಾಲಿಟಿ ಹಾಳಾಗುತ್ತಾ ಅಂತ ಕೇಳಿದೀರಲ್ಲ, ಹಾಗಾಗಲ್ಲ. ಚೆನ್ನಾಗಿ ಮಾಡ್ಬೇಕು ಅನ್ನೋ ಹಠ ದಯವಿಟ್ಟು ಬಿಡಬೇಡಿ. ಆದ್ರೆ ಕೆಲಸದ ಪ್ರೀತಿಗೆ ತಿದ್ತಿದೀರಾ ಇಲ್ಲಾ ಯಾರಾದ್ರೂ ಏನಾದ್ರೂ ಅಂದಾರು ಅನ್ನೋ ಹೆದರಿಕೆಗಾ, ಅದನ್ನ ನೋಡ್ಕೊಳ್ಳಿ. ಹ್ಯೂಯಿಟ್ ಮತ್ತು ಫ್ಲೆಟ್ ಅನ್ನೋ ಮನಶ್ಶಾಸ್ತ್ರಜ್ಞರು 1991ರಲ್ಲೇ ಇದನ್ನ ಬಿಡಿಸಿಟ್ಟಿದ್ರು, ನಮಗೆ ನಾವೇ ಹಾಕ್ಕೊಳ್ಳೋ ಮಟ್ಟ ಬೇರೆ, ಬೇರೆಯವರಿಂದ ಬಯಸೋದು ಬೇರೆ, ಎಲ್ರೂ ನನ್ನಿಂದ ಪರ್ಫೆಕ್ಟೇ ಬಯಸ್ತಾರೆ ಅಂದ್ಕೊಂಡು ಒದ್ದಾಡೋದು ಬೇರೆ. ಈ ಕೊನೇದೇ ಮನುಷ್ಯನ್ನ ಹಿಂಡಿಹಾಕೋದು.

ಶುರು ಮಾಡೋ ಮುಂಚೆನೇ ಏನೇನಾದ್ರೆ ಮುಗೀತು ಅಂತ ಬರೆದಿಟ್ಕೊಳ್ಳಿ, ಅಂಕಿ ಸರಿ ಇರ್ಬೇಕು, ತೀರ್ಮಾನ ಸ್ಪಷ್ಟ ಇರ್ಬೇಕು, ಅಷ್ಟೇ, ಫಾಂಟು ಬಣ್ಣ ಅದ್ರಲ್ಲಿಲ್ದಿದ್ರೆ ಮುಟ್ಟಬೇಡಿ. ಆಫೀಸಿಗೆ ಊಟದ ಡಬ್ಬಿ ತಲುಪಿಸೋ ಮುಂಬೈ ಡಬ್ಬಾವಾಲಾಗಳನ್ನೇ ನೋಡಿ, ಡಬ್ಬಿ ಮೇಲಿನ ಗುರುತು ತಪ್ಪಬಾರ್ದು, ಹೊತ್ತಿಗೆ ಸರಿಯಾಗಿ ತಲುಪ್ಬೇಕು, ಡಬ್ಬಿ ಫಳಫಳ ಹೊಳೀಬೇಕಂತೇನಿಲ್ಲ. ಮತ್ತೆ ರಿಪೋರ್ಟ್ ಅರ್ಧ ಆದಾಗಲೇ ಟೀಮ್ ಲೀಡ್‌ಗೆ ತೋರಿಸಿಬಿಡಿ, ನಿಮಗೆ ಕಷ್ಟ ಅನ್ಸುತ್ತೆ ಗೊತ್ತು, ಆದ್ರೂ ತೋರಿಸಿ, ಬೇಡದ್ದನ್ನ ತಿದ್ದೋದು ಅಲ್ಲೇ ನಿಲ್ಲುತ್ತೆ.

ಇನ್ನೊಂದು, ಬರ್ನ್‌ಔಟ್‌ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಜಾಗದ ಒತ್ತಡದಿಂದ ಬರೋದು ಅಂತಾನೇ ಹೇಳಿದೆ: ಸುಸ್ತು, ಕೆಲಸ ಅಂದ್ರೆ ಬೇಜಾರು, ಕೈಯಲ್ಲಿ ಏನೂ ಆಗ್ತಿಲ್ಲ ಅನ್ನಿಸೋದು. ಅಂದ್ರೆ ಎಲ್ಲಾ ತಪ್ಪು ನಿಮ್ಮ ಸ್ವಭಾವದ್ದಲ್ಲ ರೀ, ಲೋಡ್ ಬಗ್ಗೆ ಮ್ಯಾನೇಜರ್ ಹತ್ರ ಮಾತಾಡಿ. ನಿದ್ದೆ ಕೆಟ್ಟೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡ ಆಯ್ಕೆ ಮಾಡ್ಕೋಬಹುದು.